ಹದಿನಾರು ಮನೆಗಳನ್ನು ಮತ್ತೆ ಕಟ್ಟಬೇಕಿತ್ತೇ?

ಪತ್ರ: ಹಿಂದಿನ ಸಂಚಿಕೆಯಲ್ಲಿ ಐರ್ಲೆಂಡಿನ ಗ್ರಾಫ್ಟನ್ ಆರ್ಕಿಟೆಕ್ಟ್ಸ್ ಬಗ್ಗೆ ಹೊಗಳಿ ಬರೆದಿದ್ದೀರಿ. ನಾನು ಡಬ್ಲಿನ್ನಿನಲ್ಲೇ ಕೆಲಸಕ್ಕಿರುವವನು. ಫಿಟ್ಸ್‌ವಿಲಿಯಂ ಸ್ಟ್ರೀಟಿನಲ್ಲಿ ಅವರು ಕಟ್ಟಿದ ಇಎಸ್‌ಬಿ ವಿದ್ಯುತ್ ಕಂಪನಿಯ ಕಚೇರಿಯನ್ನು ದಿನಾ ದಾಟಿಹೋಗುತ್ತೇನೆ. ಅಕ್ಕಪಕ್ಕದ, ಬ್ರಿಟನ್ನಿನ ಜಾರ್ಜ್ ದೊರೆಗಳ ಕಾಲದ ಜಾರ್ಜಿಯನ್ ಮನೆಗಳ ಚೆಂದದ ಮುಂದೆ ಅದೇನೂ ಅಲ್ಲ. ಅಲ್ಲಿದ್ದ ಹಳೆಯ ಮನೆಗಳನ್ನೇ ಇದ್ದ ಹಾಗೆ ಮತ್ತೆ ಕಟ್ಟಬಹುದಿತ್ತಲ್ಲವೇ? ಈಗಿನ ವಾಸ್ತುಶಿಲ್ಪಿಗಳಿಗೆ ಚೆಂದ ಕಂಡರೆ ಆಗುವುದಿಲ್ಲವೇ? – ಓದುಗ, ಡಬ್ಲಿನ್

ಉತ್ತರ: ಆಫೀಸಿಗೆ ಓಡುವ ಹೊತ್ತಿನಲ್ಲಿ ತಲೆಯೆತ್ತಿ ಕಟ್ಟಡ ನೋಡುವವರೇ ಕಡಿಮೆ. ನೀವು ನೋಡಿದ್ದೀರಿ, ಸಿಟ್ಟಾಗಿದ್ದೀರಿ, ಆ ಸಿಟ್ಟನ್ನು ಕೂತು ಬರೆದಿದ್ದೀರಿ. ಅದಕ್ಕೇ ಈ ತಿಂಗಳ ರಾಶಿಯಿಂದ ನಿಮ್ಮ ಕಾಗದವನ್ನೇ ಎತ್ತಿಕೊಂಡೆ. ಇನ್ನು ಜಗಳ.

ಒಂದು ಮಾತು ಮೊದಲೇ ಒಪ್ಪಿಬಿಡುತ್ತೇನೆ. 1965ರಲ್ಲಿ ಇಎಸ್‌ಬಿ ಈಗಿನದಕ್ಕಿಂತ ಮುಂಚಿನ ತನ್ನ ಕಚೇರಿಗೋಸ್ಕರ ಆ ಬೀದಿಯ ಹದಿನಾರು ಮನೆಗಳನ್ನು ಕೆಡವಿದ್ದು ಅನ್ಯಾಯವೇ. ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಉದ್ದಕ್ಕೆ ತುಂಡಾಗದೆ ನಿಂತಿದ್ದ ಇಟ್ಟಿಗೆಯ ಸಾಲು ಅದು. ಜಾನ್ ಸಮ್ಮರ್‌ಸನ್ ಎಂಬ ಇಂಗ್ಲೆಂಡಿನ ದೊಡ್ಡ ವಾಸ್ತು ಇತಿಹಾಸಕಾರರನ್ನು ಕಂಪನಿ ಕರೆಸಿ ಕೇಳಿತು. ಅವರು ಇದೇನು ಸಾಲೋ, ಒಂದಾದ ಮೇಲೊಂದು ದರಿದ್ರ ಮನೆ ಅಷ್ಟೇ ಎಂಬರ್ಥದ ಮಾತಾಡಿ ಕೆಡವುವವರ ಕೈಗೆ ಸರ್ಟಿಫಿಕೇಟು ಕೊಟ್ಟರು. ಪಂಡಿತರಿಗೆ ಕಣ್ಣು ಮಂಜಾಗುವುದು ಇಂಥ ಹೊತ್ತಿನಲ್ಲೇ. ಡಬ್ಲಿನ್ನಿನ ಜಾರ್ಜಿಯನ್ ಸಾಲಿನ ಸೊಗಸೆಲ್ಲ ಇರುವುದು ಮನೆಯಿಂದ ಮನೆಗೆ ಆಗುವ ಸಣ್ಣ ತಪ್ಪುಗಳಲ್ಲಿ. ನಿಮ್ಮ ಬೀದಿಯಲ್ಲೇ ನಿಂತು ನೋಡಿ. ಒಂದು ಮನೆಯ ಕಿಟಕಿಸಾಲು ಪಕ್ಕದ್ದಕ್ಕಿಂತ ನಾಲ್ಕು ಬೆರಳು ಮೇಲಿರುತ್ತದೆ, ಇಟ್ಟಿಗೆಯ ಕೆಂಪು ಬೇರೆಯಾಗಿರುತ್ತದೆ, ಬಾಗಿಲ ಮೇಲಿನ ಬೀಸಣಿಗೆಯಾಕಾರದ ಗಾಜಿನಲ್ಲಿ ಕಡ್ಡಿಗಳ ಕುಸುರಿಯೂ ಬೇರೆ. ಬೇರೆ ಬೇರೆ ಗುತ್ತಿಗೆದಾರರು ಒಂದೊಂದು, ಎರಡೆರಡು ಮನೆಗಳಂತೆ ಕಟ್ಟುತ್ತ ಹೋದದ್ದರ ಫಲ ಅದು.

ಒಪ್ಪಿದ್ದು ಇಷ್ಟೇ. ಹಾಗೇ ಮತ್ತೆ ಕಟ್ಟಿ ಎನ್ನುತ್ತೀರಲ್ಲ, ಯಾವುದನ್ನು? ಆ ನಾಲ್ಕು ಬೆರಳಿನ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲಿ ಅಳೆದು ತಪ್ಪು ಮಾಡಿಸುತ್ತೀರಾ? ಹಿಂದೆ ಆಫೀಸು, ಲಿಫ್ಟು, ಎಸಿ ಪೈಪು. ಮುಂದೆ ಹದಿನಾರು ಬಾಗಿಲು, ಅದರಲ್ಲಿ ಹದಿನೈದನ್ನು ಯಾರೂ ತೆಗೆಯುವ ಹಾಗಿಲ್ಲ. ತೀರಿಹೋದ ತಾತನ ಕೋಟು ಹಾಕಿಕೊಂಡವನನ್ನು ತಾತ ಬಂದರು ಎಂದು ಕರೆದ ಹಾಗೆ.

ನಿಮ್ಮ ಡಬ್ಲಿನ್ ಈ ಪ್ರಯೋಗವನ್ನೂ ಮಾಡಿ ಮುಗಿಸಿದೆ. ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಮೂಲೆಗೆ ಹ್ಯೂಮ್ ಸ್ಟ್ರೀಟ್ ಸೇರುತ್ತದೆ. ಅಲ್ಲಿ ಮನೆ ಕೆಡವಲು ಬಂದಾಗ, 1969ರ ಡಿಸೆಂಬರಿನಲ್ಲಿ, ವಿದ್ಯಾರ್ಥಿಗಳು ಒಳಹೊಕ್ಕು ಕೂತರು. ಅವರಲ್ಲಿ ವಾಸ್ತುಶಿಲ್ಪ ಓದುವವರೇ ಮುಂದೆ. ಆ ಚಳಿಗಾಲವನ್ನು ಅಲ್ಲೇ ಕಳೆದರು. 1970ರ ಜೂನಿನಲ್ಲಿ ಬಾಡಿಗೆ ಬಂಟರು ನುಗ್ಗಿ ಹೊರಗೆಳೆದರು. ಊರಿಗೆ ಊರೇ ರೇಗಿತು. ಕೊನೆಗೆ ಆದದ್ದೇನು? ರಾಜಿ. ಹಳೆ ಮನೆ ಹೋಯಿತು, ಹೊಸ ಆಫೀಸು ಬಂತು, ಅದಕ್ಕೊಂದು ಜಾರ್ಜಿಯನ್ ಮುಖವಾಡ ಬಂತು. ಆ ಹುಡುಗ ಹುಡುಗಿಯರು ಚಳಿಯಲ್ಲಿ ನಡುಗಿದ್ದು ಈ ಮುಖವಾಡಕ್ಕೋಸ್ಕರವೇ ಎಂದು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವರು ಕಾಪಾಡಲು ಹೊರಟದ್ದು ನಿಜವಾದ ಮನೆಗಳನ್ನು.

ಗ್ರಾಫ್ಟನ್‌ನವರ ಕಟ್ಟಡವನ್ನು ಇದರ ಪಕ್ಕ ಇಟ್ಟು ನೋಡಿ. ಇವೊನ್ ಫ್ಯಾರೆಲ್, ಶೆಲ್ಲಿ ಮ್ಯಾಕ್‌ನಮಾರಾ 1978ರಲ್ಲಿ ಜೊತೆಯವರೊಂದಿಗೆ ಕಚೇರಿ ತೆರೆದಾಗ ಅದಕ್ಕೆ ತಮ್ಮ ಹೆಸರಿಡಲಿಲ್ಲ, ಕಚೇರಿಯಿದ್ದ ಗ್ರಾಫ್ಟನ್ ಬೀದಿಯ ಹೆಸರಿಟ್ಟರು. ನನ್ನ ಮಟ್ಟಿಗೆ ಅವರ ಜಾತಕ ಅಲ್ಲೇ ಇದೆ. ಮಿಲಾನಿನ ಬೊಕ್ಕೋನಿ ವಿಶ್ವವಿದ್ಯಾಲಯ, ಪೆರುವಿನ ಲಿಮಾದಲ್ಲಿ ಬೆಟ್ಟದ ಇಳಿಜಾರಿನಂತೆ ನಿಂತ ಕಾಂಕ್ರೀಟಿನ ಎಂಜಿನಿಯರಿಂಗ್ ಕಾಲೇಜು, 2020ರಲ್ಲಿ ವಾಸ್ತುಶಿಲ್ಪದ ಅತಿ ದೊಡ್ಡ ಗೌರವವಾದ ಪ್ರಿಟ್ಸ್‌ಕರ್, ಮರುವರ್ಷ ಲಂಡನ್ನಿನ ಕಿಂಗ್‌ಸ್ಟನ್‌ನ ಕಟ್ಟಡಕ್ಕೆ ಸ್ಟರ್ಲಿಂಗ್ ಪ್ರಶಸ್ತಿ. ಇಷ್ಟು ದೊಡ್ಡವರು ಫಿಟ್ಸ್‌ವಿಲಿಯಂ ಸ್ಟ್ರೀಟಿಗೆ ಬಂದು ತೊಡೆ ತಟ್ಟಲಿಲ್ಲ. ಇಟ್ಟಿಗೆ ಹಿಡಿದರು. ಕಿಟಕಿಗಳನ್ನು ಎತ್ತರಕ್ಕೆ, ಗೋಡೆಯೊಳಗೆ ಆಳವಾಗಿ ಕೂರಿಸಿದರು. ಬೀದಿಗೆ ಮುಖ ಮಾಡಿದ ಭಾಗವನ್ನು ಅಕ್ಕಪಕ್ಕದವರ ಎತ್ತರಕ್ಕೆ ಇಳಿಸಿ, ಎತ್ತರದ್ದನ್ನೆಲ್ಲ ಹಿಂದಕ್ಕೆ ಸರಿಸಿದರು. ಹೊಸದು ಎಂಬುದನ್ನು ಬಚ್ಚಿಡಲೂ ಇಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಇನ್ನೊಮ್ಮೆ ಹೋಗಿ ನೋಡಿ ಬರೆಯಿರಿ.

ಹಳೆಯ ಚೆಂದ ಎನ್ನುತ್ತೀರಿ. ಆ ಚೆಂದದೊಳಗೆ ಯಾರಿದ್ದರು? ಉತ್ತರ ಡಬ್ಲಿನ್ನಿನ ಹೆನ್ರಿಯೆಟ್ಟಾ ಸ್ಟ್ರೀಟಿನ 14ನೇ ನಂಬರಿನ ಮನೆ ಶ್ರೀಮಂತರ ಅರಮನೆಯಾಗಿ ಎದ್ದದ್ದು. 1911ರ ಜನಗಣತಿಯ ಹೊತ್ತಿಗೆ ಅದೊಂದರಲ್ಲೇ ನೂರು ಜನ ವಠಾರ ಹೂಡಿದ್ದರು. ಎರಡು ವರ್ಷದ ಮೇಲೆ ಚರ್ಚ್ ಸ್ಟ್ರೀಟಿನಲ್ಲಿ ಅಂಥ ವಠಾರಗಳು ಕುಸಿದು ಏಳು ಜನ ಸತ್ತರು. ಮನೆ 14 ಈಗ ಮ್ಯೂಸಿಯಂ. ಈ ಭಾನುವಾರ ಹೋಗಿಬನ್ನಿ.

ಬೀದಿಯ ಮುಖ ಹೇಗಿದೆ ಎಂದು ಇಷ್ಟು ಕಾದಾಡುವ ನಾವು, ಒಳಗೆ ಯಾರಿಗೆ ಜಾಗ ಸಿಕ್ಕಿತು ಎಂದು ಕೇಳುವುದೇ ಇಲ್ಲ. ಅಪೊಲೊ ಹೌಸ್ ನೆನಪಿದೆಯೇ? ನೀವು ಆಗ ಅಲ್ಲಿರಲಿಲ್ಲವೇನೋ. ಟಾರಾ ಸ್ಟ್ರೀಟ್ ಪಕ್ಕದ ಅರವತ್ತರ ದಶಕದ ಆಫೀಸು ಕಟ್ಟಡ, ಡಬ್ಲಿನ್ನಿನ ಕುರೂಪಿಗಳ ಪಟ್ಟಿಯಲ್ಲಿ ಕಾಯಂ ಸದಸ್ಯ. ಖಾಲಿ ಬಿದ್ದಿದ್ದ ಅದನ್ನು 2016ರ ಡಿಸೆಂಬರಿನಲ್ಲಿ ಕಾರ್ಯಕರ್ತರು ಹೊಕ್ಕು, ಬೀದಿಯಲ್ಲಿ ಮಲಗುತ್ತಿದ್ದವರಿಗೆ ಹಾಸಿಗೆ ಹಾಕಿದರು. ಕೋರ್ಟು ಜನವರಿಯಲ್ಲಿ ಹೊರಡಿಸಿತು. 2018ರಲ್ಲಿ ಕೆಡವಿದರು. ಈಗ ಅಲ್ಲಿರುವುದು ಹೆಚ್ಚಾಗಿ ಮತ್ತೆ ಆಫೀಸೇ. ಆ ಕುರೂಪಿ ಕೆಲವು ವಾರ ಮಾಡಿದ ಕೆಲಸವನ್ನು ಪ್ರಶಸ್ತಿ ಪಡೆದ ಎಷ್ಟು ಕಟ್ಟಡಗಳು ಮಾಡಿವೆ?

ಇನ್ನೊಂದು ತಮಾಷೆ ಕೇಳಿ. ಆಂಗ್ಲೋ ಐರಿಷ್ ಬ್ಯಾಂಕು ತನಗೆಂದು ನದಿ ದಡದಲ್ಲಿ ಕಚೇರಿ ಕಟ್ಟಿಸುತ್ತಿದ್ದಾಗಲೇ ಮುಳುಗಿತು; ಅಸ್ಥಿಪಂಜರ ವರ್ಷಗಟ್ಟಲೆ ಹಾಗೇ ನಿಂತಿತ್ತು. ಆಮೇಲೆ ಅದಕ್ಕೆ ಮೈ ತುಂಬಿಸಿ ಒಳಹೊಕ್ಕವರು ಯಾರು? ಬ್ಯಾಂಕುಗಳ ಮೇಲೆ ಕಣ್ಣಿಡಬೇಕಾಗಿದ್ದ ಸೆಂಟ್ರಲ್ ಬ್ಯಾಂಕು! ಅದು 2017ರಲ್ಲಿ ಬಿಟ್ಟುಹೋದ ಡೇಮ್ ಸ್ಟ್ರೀಟಿನ ಕಟ್ಟಡ, ಮಹಡಿಗಳನ್ನು ಮೇಲಿನಿಂದ ತೂಗುಬಿಟ್ಟು ಕಟ್ಟಿದ್ದು, ನನಗೆ ಬಲು ಪ್ರೀತಿಯದು. ಅದನ್ನು ಮಾಡಿದ ಸ್ಯಾಮ್ ಸ್ಟೀಫನ್‌ಸನ್ ಅವರೇ ಪಾಲುದಾರ ಆರ್ಥರ್ ಗಿಬ್ನಿ ಜೊತೆ ಫಿಟ್ಸ್‌ವಿಲಿಯಂ ಸ್ಟ್ರೀಟಿನ ಮೊದಲ ಇಎಸ್‌ಬಿ ಕಟ್ಟಡವನ್ನೂ ಮಾಡಿದ್ದು. ವರ್ಷಗಟ್ಟಲೆ ಜಗಳ ಕಂಡಿದ್ದ ಮನೆಗಳ ಜಾಗದಲ್ಲಿ ಎದ್ದ ಅದೂ ಅರ್ಧ ಶತಮಾನ ಬಾಳಿ ಪುಡಿಯಾಯಿತು. ಅದಕ್ಕಾಗಿ ಯಾರಾದರೂ ಮೆರವಣಿಗೆ ಹೊರಟರೇ? ಕಾಂಕ್ರೀಟಿಗೆ ಅಳುವವರಿಲ್ಲ.

ಕಾಗದದ ಕೊನೆಗೆ ನಿಮ್ಮ ಆಫೀಸು ಗ್ರಾಂಡ್ ಕೆನಾಲ್ ಡಾಕ್ ಕಡೆಯ ಹೊಸ ಗಾಜಿನ ಕಟ್ಟಡದಲ್ಲಿದೆ ಎಂದು ಬರೆದಿದ್ದೀರಿ. ಅದರ ಬಗ್ಗೆ ಮಾತ್ರ ಒಂದೇ ಒಂದು ದೂರಿಲ್ಲ! ಮುಂದಿನ ಕಾಗದ ಅದರ ಮೇಲಿರಲಿ. ಫೋಟೋ ಕಳಿಸುವುದಾದರೆ ಅದರಲ್ಲಿ ನಾಲ್ಕು ಜನರಾದರೂ ಕಾಣಲಿ. ಆಳಿಲ್ಲದ ಕಟ್ಟಡಗಳ ಚಿತ್ರ ನಮ್ಮ ಕಚೇರಿಯಲ್ಲಿ ಬೇಕಾದಷ್ಟಿವೆ. – ಸಂ.