ಕೌಂಟರಿನಲ್ಲಿ ಜಾತಿ ಕೇಳಲಿಲ್ಲ ಅಂದರೆ ಮುಗಿಯಿತೇ?

ಧಾರವಾಡದ ಸಪ್ತಾಪುರದಿಂದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಭೇದಭಾವದಿಂದಲೂ ಆರೋಗ್ಯ ಕೆಡುತ್ತದೆ ಎಂಬ ನಮ್ಮ ಕಳೆದ ಸಂಚಿಕೆಯ ಲೇಖನಕ್ಕೆ ಅವರ ಆಕ್ಷೇಪ ಇದು: “ರೋಗಕ್ಕ ಜಾತಿ ಎಲ್ಲಿಂದ ಬಂತ್ರಿ? ಬಡತನ, ಗುಟ್ಕಾ, ಹೊಲಸು ನೀರು, ಇವು ಕಾರಣ. ಸರಕಾರಿ ದವಾಖಾನಿ ಕೌಂಟರಿನ್ಯಾಗ ಯಾರೂ ಜಾತಿ ಕೇಳೂದಿಲ್ಲ. ಎಲ್ಲ್ಯರ ಕೇಳತಿದ್ರ ಅದನ್ನೂ ನಿಲ್ಲಸ್ರಿ, ಭೇದ ತಾನ ಹೋಗತದ. ಕರಿಯರು-ಬಿಳಿಯರ ಜಗಳ ಅಮೆರಿಕಾದ್ದು, ಅದನ್ನ ನಮ್ಮ ಓಣಿಗ್ಯಾಕ ತರತೀರಿ?” ಭೇದ ನಡೆದರೆ ಏನು ಮಾಡಬೇಕು ಎಂದೂ ಕೇಳಿದ್ದಾರೆ. ಕೊನೆಗೊಂದು ತಾ.ಕ. ಇದೆ: ಮನೆಯವರಿಗೆ ದಮ್ಮು, ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ನಂಬಬೇಕೋ ಬೇಡವೋ?

ಗುರುಗಳೇ,

ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು. ದಲಿತ ಮಹಿಳೆಯರ ಸರಾಸರಿ ಆಯುಷ್ಯ 39.5 ವರ್ಷ ಎಂದು ಆ ಲೇಖನದಲ್ಲಿ ಅಚ್ಚಾಗಿತ್ತು. ವಿಶ್ವಸಂಸ್ಥೆಯ ಮಹಿಳಾ ವಿಭಾಗದ 2018ರ ವರದಿಯಲ್ಲಿ ಇರುವುದು ಆಯುಷ್ಯವಲ್ಲ, ಸತ್ತವರ ಸರಾಸರಿ ವಯಸ್ಸು: ದಲಿತ ಮಹಿಳೆಯರದು 39.5, ಮೇಲ್ಜಾತಿಯವರದು 54.1. ಮಕ್ಕಳು ಹೆಚ್ಚು, ಮುದುಕರು ಕಡಿಮೆ ಇರುವ ಸಮುದಾಯದಲ್ಲಿ ಸತ್ತವರ ಸರಾಸರಿ ವಯಸ್ಸು ಹೇಗೂ ಇಳಿಯುತ್ತದೆ. ಅದರಿಂದ ಆಯುಷ್ಯ ಅಳೆಯಲು ಬರುವುದಿಲ್ಲ. ನೀವು ಅದನ್ನು ಹಿಡಿದು ಕೇಳಲಿಲ್ಲ, ಆದರೆ ಕೇಳಬಹುದಾಗಿತ್ತು.

ಸರಿಯಾಗಿ ಆಯುಷ್ಯವನ್ನೇ ಲೆಕ್ಕ ಹಾಕಿದ ಅಧ್ಯಯನವೊಂದು 2022ರಲ್ಲಿ ಬಂತು. ಉತ್ತರ ಪ್ರದೇಶ, ಬಿಹಾರ, ಅಸ್ಸಾಂ ಸೇರಿ ಒಂಬತ್ತು ರಾಜ್ಯಗಳದು. ಕರ್ನಾಟಕ ಅದರಲ್ಲಿ ಇಲ್ಲ. ಮೇಲ್ಜಾತಿ ಹಿಂದೂಗಳಿಗಿಂತ ಆದಿವಾಸಿಗಳ ಆಯುಷ್ಯ 4 ವರ್ಷಕ್ಕೂ ಹೆಚ್ಚು ಕಡಿಮೆ, ದಲಿತರದು 3 ವರ್ಷಕ್ಕೂ ಹೆಚ್ಚು ಕಡಿಮೆ, ಮುಸ್ಲಿಮರದು ಸುಮಾರು 1 ವರ್ಷ ಕಡಿಮೆ. ನಿಮ್ಮ ಪ್ರಶ್ನೆಗೆ ತಾಗುವುದು ಇದರ ಮುಂದಿನ ಲೆಕ್ಕ. ಇದೆಲ್ಲ ಬಡತನದ ಫಲವೇ ಆಗಿದ್ದರೆ, ಆರ್ಥಿಕ ಸ್ಥಿತಿ ಸರಿಸಮ ಇರುವವರನ್ನು ಹೋಲಿಸಿದಾಗ ಅಂತರ ಅಳಿಸಿಹೋಗಬೇಕಿತ್ತು. ಅರ್ಧದಷ್ಟೂ ಅಳಿಯಲಿಲ್ಲ. ಬಡತನ ಕಾರಣ ಎಂಬ ನಿಮ್ಮ ಮಾತು ಸುಳ್ಳಲ್ಲ, ಅದು ಅರ್ಧಕ್ಕಿಂತ ಕಡಿಮೆ ಉತ್ತರ.

ಇನ್ನು ಅಮೆರಿಕ. ಅದನ್ನು ಓಣಿಗೆ ತರುವ ಮೊದಲು ನಿಮ್ಮ ಮನೆಯಲ್ಲೇ ಇರುವ ಆಕ್ಸಿಮೀಟರ್ ನೋಡೋಣ. ಬೆರಳು ಕಚ್ಚುವ ಆ ಡಬ್ಬಿಯ ಒಂದು ದವಡೆಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು 660 ನ್ಯಾನೋಮೀಟರಿನ ಕೆಂಪು ಬೆಳಕು, ಇನ್ನೊಂದು 940ರ ಆಸುಪಾಸಿನ, ಕಣ್ಣಿಗೆ ಕಾಣದ ಅವಗೆಂಪು. ಆಮ್ಲಜನಕ ಹೊತ್ತ ರಕ್ತ ಒಂದನ್ನು ಹೆಚ್ಚು ಹೀರುತ್ತದೆ, ಹೊರದ ರಕ್ತ ಇನ್ನೊಂದನ್ನು. ಇನ್ನೊಂದು ದವಡೆಗೆ ಎಷ್ಟು ಬೆಳಕು ದಾಟಿ ಬಂತು ಎಂಬುದರ ಮೇಲೆ ಯಂತ್ರ ಶೇಕಡಾವಾರು ತೋರಿಸುತ್ತದೆ. ಆದರೆ ಇಷ್ಟು ಬೆಳಕಿಗೆ ಇಷ್ಟು ಶೇಕಡಾ ಎಂಬ ಕೋಷ್ಟಕ ಯಂತ್ರಕ್ಕೆ ತಾನಾಗಿ ತಿಳಿಯದು. ಆರೋಗ್ಯವಂತರ ಬೆರಳಿನ ಮೇಲೆ ಅಳೆದು ಅದನ್ನು ತುಂಬಿರುತ್ತಾರೆ. ಹಾಗೆ ಅಳೆಸಿಕೊಂಡವರಲ್ಲಿ ಬಹುಪಾಲು ಬಿಳಿ ಚರ್ಮದವರು. ಚರ್ಮದ ಕಪ್ಪು ಬಣ್ಣವೂ ಬೆಳಕು ಹೀರುತ್ತದೆ ಎಂಬುದನ್ನು ಆ ಕೋಷ್ಟಕ ಸರಿಯಾಗಿ ಹಿಡಿಯಲಿಲ್ಲ.

2020ರ ಡಿಸೆಂಬರಿನಲ್ಲಿ ಮಿಷಿಗನ್‌ನ ವೈದ್ಯರು ಒಂದೇ ರೋಗಿಯ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು: ಬೆರಳಿನ ಯಂತ್ರ ತೋರಿಸಿದ್ದು, ಅಪಧಮನಿಯ ರಕ್ತ ತೆಗೆದು ಪರೀಕ್ಷಿಸಿದ್ದು. ಯಂತ್ರ 92ರಿಂದ 96 ತೋರಿಸುವಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಸಂದರ್ಭಗಳು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಯಂತ್ರಕ್ಕೆ ಯಾರ ಮೇಲೂ ದ್ವೇಷವಿಲ್ಲ. ಅದನ್ನು ಮಾಡಿದವರಿಗೂ ಇರಲಿಕ್ಕಿಲ್ಲ. ಯಾರ ಬೆರಳನ್ನು ಬೆರಳು ಅಂತ ಎಣಿಸಿದರು ಎಂಬಲ್ಲೇ ಭೇದ ಹೊಕ್ಕಿತ್ತು. ನಮ್ಮ ಭಾಗದಲ್ಲಿ ಹೊಲದಲ್ಲಿ ದುಡಿಯುವವರ ಬೆರಳಿನ ಬಣ್ಣ ನೆನಪಿಸಿಕೊಳ್ಳಿ. ಇದು ಅಮೆರಿಕದ ಜಗಳ ಮಾತ್ರ ಆಗಿ ಉಳಿಯುವುದಿಲ್ಲ.

ಈ ತಪ್ಪು ಗೊತ್ತಾದದ್ದಾದರೂ ಹೇಗೆ? ರೋಗಿಯ ಜನಾಂಗ ಯಾವುದೆಂದು ಆಸ್ಪತ್ರೆಯ ದಾಖಲೆಯಲ್ಲಿ ಬರೆದಿದ್ದರು. “ಕೇಳುವುದನ್ನೇ ನಿಲ್ಲಿಸಿ” ಎಂಬ ನಿಮ್ಮ ಸಲಹೆಯನ್ನು ಅವರು ಮೊದಲೇ ಪಾಲಿಸಿದ್ದರೆ ಯಂತ್ರ ಇವತ್ತಿಗೂ ನಿರಪರಾಧಿ.

ಆದರೆ ಬರೆದದ್ದನ್ನು ಏನಕ್ಕೆ ಬಳಸುತ್ತೀರಿ ಎಂಬುದೂ ಅಷ್ಟೇ ಮುಖ್ಯ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು, ರಕ್ತದಲ್ಲಿ ಉಳಿದ ಕ್ರಿಯಾಟಿನಿನ್ ಎಂಬ ಕಶ್ಮಲದಿಂದ ಲೆಕ್ಕ ಹಾಕುವ 2009ರ ಸೂತ್ರವೊಂದರಲ್ಲಿ, ರೋಗಿ ಕಪ್ಪು ಜನಾಂಗದವನಾದರೆ ಬಂದ ಸಂಖ್ಯೆಯನ್ನು 1.159ರಿಂದ ಗುಣಿಸುತ್ತಿದ್ದರು. ಹಾಗೆ 19 ಇದ್ದದ್ದು ಕಾಗದದ ಮೇಲೆ 22 ಆಗುತ್ತಿತ್ತು. ಸಂಖ್ಯೆ ಇಳಿದಷ್ಟೂ ಕಿಡ್ನಿ ಕೆಟ್ಟಿದೆ ಎಂದರ್ಥ, ಅಮೆರಿಕದಲ್ಲಿ ಕಿಡ್ನಿ ಕಸಿಯ ಪಟ್ಟಿಯಲ್ಲಿ ಕಾಯುವ ಲೆಕ್ಕ ಶುರುವಾಗಲು ಅದು 20ಕ್ಕೆ ಇಳಿಯಬೇಕು. 2021ರ ಸೂತ್ರದಿಂದ ಆ ಗುಣಕ ತೆಗೆದರು. 2023ರಿಂದ, ಇದರಿಂದ ತಡವಾದವರ ಕಾಯುವ ಅವಧಿಯನ್ನು ಹಿಂದಿನ ದಿನಾಂಕದಿಂದ ಎಣಿಸಿ ಕೊಡಬೇಕೆಂದು ಅಲ್ಲಿಯ ಆಸ್ಪತ್ರೆಗಳಿಗೆ ನಿಯಮ ಬಂತು. ಅಂದರೆ ಜನಾಂಗವನ್ನು ದಾಖಲಿಸಿ ಅನ್ಯಾಯ ಅಳೆಯುವುದು ಬೇರೆ, ಜನಾಂಗವನ್ನೇ ಮೈಯ ಗುಣವೆಂದು ಸೂತ್ರಕ್ಕೆ ಸೇರಿಸುವುದು ಬೇರೆ.

“ಅವರ ರಕ್ತವೇ ಹಾಗೆ” ಎನ್ನುವವರು ಇಲ್ಲೂ ಇದ್ದಾರೆ, ಅಲ್ಲೂ ಇದ್ದಾರೆ. ಅವರಿಗೆ ಇಲಿನಾಯ್ ರಾಜ್ಯದ ಜನನ ದಾಖಲೆಗಳ 1997ರ ಅಧ್ಯಯನ ತೋರಿಸಬೇಕು. ಅಮೆರಿಕದಲ್ಲಿ ಹುಟ್ಟಿದ ಬಿಳಿ ತಾಯಂದಿರ ಕೂಸುಗಳ ಸರಾಸರಿ ತೂಕ 3446 ಗ್ರಾಂ, ಆಫ್ರಿಕಾದಲ್ಲಿ ಹುಟ್ಟಿ ಬಂದ ಕಪ್ಪು ತಾಯಂದಿರ ಕೂಸುಗಳದು 3333, ಅಮೆರಿಕದಲ್ಲೇ ಹುಟ್ಟಿ ಬೆಳೆದ ಕಪ್ಪು ತಾಯಂದಿರ ಕೂಸುಗಳದು 3089. ರಕ್ತವೇ ಕಾರಣವಾಗಿದ್ದರೆ ಆಫ್ರಿಕಾದಿಂದ ಬಂದವರ ಕೂಸುಗಳು ಎಲ್ಲಕ್ಕಿಂತ ಹಗುರ ಇರಬೇಕಿತ್ತಲ್ಲ?

ಈಗ ನಮ್ಮ ಓಣಿ. ನಮ್ಮ ದವಾಖಾನೆಯ ಕೌಂಟರಿನಲ್ಲಿ ಜಾತಿ ಕೇಳುವುದಿಲ್ಲ, ನಿಜ. ಚೀಟಿಯಲ್ಲಿ ಊರಿನ ಜತೆ ಓಣಿಯ ಹೆಸರು ಬರೆಸುತ್ತಾರೆ. ಹಳ್ಳಿಯಲ್ಲಿ ಅದಕ್ಕಿಂತ ಹೆಚ್ಚು ಕೇಳಬೇಕಾಗಿಯೂ ಇಲ್ಲ. ಇನ್ನು ಭೇದ ನಡೆಯುವ ಜಾಗ ಕೌಂಟರಿಗಿಂತ ಹೆಚ್ಚಾಗಿ ಕೈ.

ಬಸುರಿಯ ತಪಾಸಣೆಯನ್ನು ಹತ್ತಿರದಿಂದ ನೋಡಿ. ಕೆಳರೆಪ್ಪೆ ಎಳೆದು ರಕ್ತಹೀನತೆ ನೋಡಬೇಕು. ತೋಳಿಗೆ ಬಿಪಿ ಪಟ್ಟಿ ಕಟ್ಟಬೇಕು. ಹೊಟ್ಟೆ ಒತ್ತಿ ಕೂಸು ಎಷ್ಟು ಬೆಳೆದಿದೆ, ತಲೆ ಎಲ್ಲಿದೆ ತಿಳಿಯಬೇಕು. ಮೊಣಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ, ಕುಳಿ ಬೀಳುತ್ತದೋ ನೋಡಿ ಬಾವು ತಿಳಿಯಬೇಕು. ಕೂಸಿನ ಎದೆಬಡಿತ ಕೇಳಬೇಕು. ಇವು ಯಾವುದನ್ನೂ ಹೊಸ್ತಿಲ ಹೊರಗೆ ನಿಂತು ಮಾಡಲಾಗದು. ಮುಟ್ಟಲು ಮನಸ್ಸಿಲ್ಲದ ಕೈ ಕಬ್ಬಿಣಾಂಶದ ಗುಳಿಗೆಯ ಪಟ್ಟಿಯನ್ನು ಮೇಲಿನಿಂದ ಬಿಟ್ಟು, “ಆರಾಮ ಇದ್ದೀಯೇನವಾ” ಅಂತ ಕೇಳಿ, ತಾಯಿ ಕಾರ್ಡ್ ತುಂಬಿಕೊಂಡು ಹೋಗಬಲ್ಲದು. ದಾಖಲೆಯಲ್ಲಿ ಭೇಟಿ ಆಗಿದೆ, ಗುಳಿಗೆ ಮುಟ್ಟಿದೆ, ಜಾತಿ ಯಾರೂ ಕೇಳಿಲ್ಲ. ಬಿಪಿ 140/90 ದಾಟಿದ್ದು ಮಾತ್ರ ಯಾರಿಗೂ ಗೊತ್ತಿಲ್ಲ. ತಲೆಶೂಲೆ, ಕಣ್ಣು ಮಂಜು, ಆಮೇಲೆ ಫಿಟ್ಸ್. ಆಗ ಹುಬ್ಬಳ್ಳಿಗೆ ಓಡಿಸುತ್ತಾರೆ, “ತಡಾ ಮಾಡಿ ಬಂದಾರ” ಅಂತ ಬೈಸಿಕೊಳ್ಳುವವರು ಮನೆಯವರು. ಕಾರ್ಡ್ ಕೈಗೆ ಸಿಕ್ಕರೆ ನೋಡಿ: ನಾಲ್ಕೂ ಭೇಟಿಯಲ್ಲಿ ಬಿಪಿ 110/70 ಎಂದೇ ಇದ್ದರೆ, ಪಟ್ಟಿ ಕಟ್ಟಿದ್ದರೇ ಎಂದು ಆಕೆಯನ್ನೇ ಕೇಳಿ. ಎಲ್ಲ ಸಿಸ್ಟರ್‌ಗಳೂ ಹೀಗೆ ಎಂದು ನಾವು ಹೇಳುತ್ತಿಲ್ಲ. ಮಳೆಯಲ್ಲಿ ಕೆಸರು ತುಳಿದು ಕೇರಿಗೆ ಹೋಗಿ, ಚಾಪೆಯ ಮೇಲೆ ಕೂತು ತಪಾಸಣೆ ಮಾಡುವವರೂ ಇದೇ ಜಿಲ್ಲೆಗಳಲ್ಲಿದ್ದಾರೆ. ಆ ಇಬ್ಬರ ನಡುವಿನ ಫರಕು ಮೊಬೈಲಿನ ವರದಿಯಲ್ಲಿ ಕಾಣುವುದಿಲ್ಲ.

ಹೊಲಸು ನೀರು ಅಂದಿರಿ. ಗದಗ ಜಿಲ್ಲೆಯ ಮುಂಡರಗಿ, ರೋಣದ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಮಕ್ಕಳ ಹಲ್ಲಿಗೆ ಕಲೆ, ಇನ್ನೂ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬಿಗೆ ತ್ರಾಸು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಅದಕ್ಕೇ ಶುದ್ಧ ನೀರಿನ ಘಟಕಗಳು ಬಂದವು. ಆದರೆ ತುಂಬಿದ ಕ್ಯಾನು 20 ಕಿಲೋ. ಘಟಕ ಊರ ಅಗಸಿಯ ಬಳಿ, ಕೇರಿ ಇನ್ನೊಂದು ತುದಿಗೆ, ಮನೆಯಲ್ಲಿ ಬೈಕ್ ಇಲ್ಲ ಅಂದರೆ ಬೋರಿನ ನೀರೇ ಗತಿ. ಘಟಕಕ್ಕೆ ಜಾಗ ಆರಿಸಿದ ದಿನವೇ ಯಾರ ಎಲುಬು ಎಂಬುದೂ ಅರ್ಧ ತೀರ್ಮಾನ ಆಗಿರುತ್ತದೆ.

ಮ್ಯಾನ್‌ಹೋಲಿಗೆ ಯಾರು ಇಳಿಯುತ್ತಾರೆ ಎಂಬುದು ಇನ್ನೂ ನೇರ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೊದಲು ಕೊಳೆತ ತತ್ತಿಯ ವಾಸನೆ. ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ಆದಮೇಲೆ ಮೂಗೇ ಸಾಯುತ್ತದೆ, ವಾಸನೆ ಹೋಯಿತು ಅಂದುಕೊಂಡವನು ಇನ್ನೊಂದು ಮೆಟ್ಟಿಲು ಇಳಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಬೀಳುತ್ತಾನೆ. ಸುರಕ್ಷಾ ಸಾಧನವಿಲ್ಲದೆ ಹೀಗೆ ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿತು. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಇಂಥ ಸಾವಿನ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರ ಜುಲೈನಲ್ಲಿ, ಮಲ ಹೊರುವ ಕೆಲಸ ಜಾತಿಯಿಂದಲೇ ಹೆಗಲೇರಿದ್ದ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದು ನಿಮಗೆ ನೆನಪಿರಬೇಕು. ಈ ಕೆಲಸದ ರೋಗಗಳಿಗೆ ಗುಟ್ಕಾ ಕಾರಣವಲ್ಲ.

ಕರಿಯರ ಮಾತು ನಮಗ್ಯಾಕೆ ಅಂದಿರಲ್ಲ, ಹುಬ್ಬಳ್ಳಿಯಿಂದ ಒಂದು ತಾಸಿನ ದಾರಿ ಕಲಘಟಗಿ ತಾಲ್ಲೂಕಿನಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕಾ ಮೂಲದವರು, ಕನ್ನಡ-ಕೊಂಕಣಿ ಮಾತಾಡುವವರು. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಯವರು ಸೇರಿದ್ದು 2020ರಲ್ಲಿ. ನಡುವಿನ 17 ವರ್ಷ, ಜಿಲ್ಲೆಯ ಗಡಿಯ ಆಚೆಗಿದ್ದ ಬೀಗರಿಗೆ ಇದ್ದ ಸರ್ಟಿಫಿಕೇಟು ಈಚೆಗಿದ್ದವರಿಗೆ ಇರಲಿಲ್ಲ.

ಏನು ಮಾಡಬೇಕು ಎಂದೂ ಕೇಳಿದ್ದೀರಿ. ದವಾಖಾನೆಯಲ್ಲಿ ಭೇದ ನಡೆದರೆ ದೂರು ಸೋಲುವುದು ಹೆಚ್ಚಾಗಿ ಬರವಣಿಗೆಯಲ್ಲಿ. “ಕೆಟ್ಟದಾಗಿ ನಡೆಸಿಕೊಂಡರು” ಎಂದು ಬರೆದರೆ “ಗದ್ದಲ ಇತ್ತು” ಎಂಬ ಒಂದೇ ಉತ್ತರಕ್ಕೆ ಕಡತ ಮುಚ್ಚುತ್ತದೆ. ದಿನ, ಹೊತ್ತು, ಓಪಿಡಿ ಚೀಟಿಯ ನಂಬರು, ಯಾವ ಕೋಣೆ, ಏನು ಮಾಡಲಿಲ್ಲ ಎಂಬುದನ್ನು ಬರೆಯಿರಿ. ಮುಖ್ಯವಾಗಿ, ಅದೇ ಹೊತ್ತಿನಲ್ಲಿ ಬೇರೆಯವರಿಗೆ ಏನು ಮಾಡಿದರು ಎಂಬುದನ್ನೂ ಬರೆಯಿರಿ. ಭೇದ ಎಂಬುದು ಹೋಲಿಕೆಯಲ್ಲೇ ಕಾಣುವಂಥದ್ದು. ಚೀಟಿಯ ಫೋಟೋ ಅವತ್ತೇ ತೆಗೆದಿಟ್ಟುಕೊಳ್ಳಿ. ಕೇಸ್‌ಶೀಟಿನ ಪ್ರತಿ ಕೇಳಿದರೆ 72 ತಾಸಿನೊಳಗೆ ಕೊಡಬೇಕು ಎಂಬುದು ವೈದ್ಯರ ನೀತಿಸಂಹಿತೆಯಲ್ಲಿದೆ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ಸರಕಾರಿ ಕೇಂದ್ರವಾದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ, ಆಮೇಲೆ ಜಿಲ್ಲಾ ಆರೋಗ್ಯಾಧಿಕಾರಿಗೆ (ಡಿಎಚ್‌ಓ). ಖಾಸಗಿಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ. ಅಸ್ಪೃಶ್ಯತೆಯ ಕಾರಣಕ್ಕೆ ಆಸ್ಪತ್ರೆಗೆ ಸೇರಿಸಿಕೊಳ್ಳದಿರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 5ನೇ ಕಲಮಿನ ಪ್ರಕಾರ ಅಪರಾಧ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿ, ಪರಿಶಿಷ್ಟರನ್ನು ಆಸ್ಪತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಒಳಗೆ ಹೋಗದಂತೆ ತಡೆಯುವುದನ್ನೂ ಹೆಸರಿಸಿ ಸೇರಿಸಿತು. ಇದರ ತನಿಖೆ ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ.

ಇನ್ನು ನಿಮ್ಮ ತಾ.ಕ. ಆಕ್ಸಿಮೀಟರ್ ಬಿಸಾಡಬೇಡಿ. ಅಮ್ಮಾವರು ಐದು ನಿಮಿಷ ಸುಮ್ಮನೆ ಕೂತ ಮೇಲೆ ಹಾಕಿ. ಬೆರಳು ಬೆಚ್ಚಗಿರಲಿ, ಉಗುರಿಗೆ ಬಣ್ಣ ಬೇಡ. ಮೊದಲು ಕಂಡ ಸಂಖ್ಯೆ ಬರೆಯಬೇಡಿ, ಅರ್ಧ-ಒಂದು ನಿಮಿಷ ಕಾದು ಸಂಖ್ಯೆ ನಿಂತ ಮೇಲೆ ಬರೆಯಿರಿ. ಆರಾಮ ಇದ್ದಾಗ ವಾರವಿಡೀ ಬೆಳಿಗ್ಗೆ-ಸಂಜೆ ಬರೆದಿಟ್ಟರೆ ಅವರ ರೂಢಿಯ ಸಂಖ್ಯೆ ಸಿಗುತ್ತದೆ. 98 ಇರುವವರಿಗೆ 94 ಬಂತೆಂದರೆ “94 ಅಂದರ ಛಲೋನ ಅದ” ಅನ್ನಬೇಡಿ, ಡಾಕ್ಟರಿಗೆ ತೋರಿಸಿ. 90 ಅಥವಾ ಅದಕ್ಕಿಂತ ಕಡಿಮೆಯಾದರೆ ಕಾಯಬೇಡಿ. ಯಂತ್ರ ಏನೇ ಹೇಳಲಿ, ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಒಂದು ನಿಮಿಷ ಪೂರ್ತಿ ಎಣಿಸಿ. 24 ಮುಟ್ಟಿದರೆ, ಇಲ್ಲವೇ ಒಂದು ವಾಕ್ಯ ಮುಗಿಸಲು ನಡುವೆ ಉಸಿರು ಎಳೆದುಕೊಳ್ಳುತ್ತಿದ್ದರೆ, ಯಂತ್ರ ಮನೆಯಲ್ಲಿಟ್ಟು ಗಾಡಿ ತೆಗೆಯಿರಿ.

— ಸಂ.