ಡಿಪಿ ಎಣ್ಣೆ ಸುಮ್‌ಸುಮ್ನೆ ಹೊತ್ಕೊಳ್ಳಲ್ಲ

ಮಳೆಗಾಲ ಬಂದ್ರೆ ಸಾಕು, ಮುಂಬೈ-ಪುಣೆ ಕಡೆಯ ಡೊಂಬಿವಿಲಿ, ಮುಲುಂಡ್, ಪಿಂಪ್ರಿ ಎಲ್ಲಾ ಕಡೆಯಿಂದ ನಮ್ಮ ಕನ್ನಡದವ್ರದ್ದು ಡಿಪಿ, ಅಂದ್ರೆ ಬೀದಿ ಟ್ರಾನ್ಸ್‌ಫಾರ್ಮರ್ ಬಗ್ಗೆ ಇವೇ ಪ್ರಶ್ನೆ. ಹೇಳಿ ಹೇಳಿ ಬಾಯಿ ನೋವು ಬಂತು, ಬರೆದೇ ಬಿಡ್ತೀನಿ.

ಪ್ರಶ್ನೆ: ಡಿಪಿಲಿ (ನಮ್ಮೂರಲ್ಲಿ ಟಿಸಿ ಅಂತೀವಲ್ಲ) ಎಣ್ಣೆ ಹಾಕೋದು ತಂಪಾಗಿರ್ಲಿ ಅಂತ. ಮತ್ತೆ ಅದಕ್ಕೇ ಹೇಗೆ ಸರ್ ಬೆಂಕಿ ಹತ್ತುತ್ತೆ?

ತಂಪು ಮಾಡೋದು ಅರ್ಧ ಕೆಲಸ, ಕರೆಂಟ್ ಅಡ್ಡ ಹಾರದಂಗೆ ತಡೆಯೋದು ಇನ್ನರ್ಧ. ಮಿನರಲ್ ಆಯಿಲ್‌ನ ಫ್ಲ್ಯಾಶ್ ಪಾಯಿಂಟ್ (ಅಂದ್ರೆ ಎಣ್ಣೆಯ ಆವಿ ಕಿಡಿ ತಾಗಿದ್ರೆ ಹೊತ್ಕೊಳ್ಳೋ ಬಿಸಿ) 140 ಡಿಗ್ರಿ ಆಸುಪಾಸು, ಪೆಟ್ರೋಲ್ ಥರ ಕಡ್ಡಿ ಗೀರಿದ್ರೆ ಭಗ್ ಅನ್ನಲ್ಲ. ಮನೆಹಾಳು ಕೆಲಸ ಮಾಡೋದು ಒಳಗಿನ ಆರ್ಕ್, ಅಂದ್ರೆ ಕರೆಂಟ್ ಅಡ್ಡ ಹಾರಿ ಏಳೋ ಕಿಡಿ. ಎಣ್ಣೆಗೆ ತೇವ ಸೇರಿರುತ್ತೆ, ಇಲ್ಲಾ ಓವರ್‌ಲೋಡ್‌ಗೆ ಬೆಂದು ಬೆಂದು ಕಾಯಿಲ್ ಸುತ್ತಿದ ಪೇಪರ್ ಹಪ್ಪಳ ಆಗಿರುತ್ತೆ, ಅಲ್ಲಿ ಒಂದ್ಸಲ ಕಿಡಿ ಹಾರಿದ್ರೆ ಸಾವಿರಾರು ಡಿಗ್ರಿ, ಎಣ್ಣೆ ಒಡೆದು ಹೈಡ್ರೋಜನ್, ಅಸಿಟಿಲೀನ್ ಗ್ಯಾಸ್ ಹುಟ್ಟುತ್ತೆ, ಹೌದು, ವೆಲ್ಡಿಂಗ್ ಅಂಗಡಿಯ ಅದೇ ಅಸಿಟಿಲೀನ್. ಪ್ರೆಶರ್‌ಗೆ ಟ್ಯಾಂಕ್ ಬಿರಿದು ಬಿಸಿ ಎಣ್ಣೆ ತುಂತುರಾಗಿ ಹೊರಗೆ ಬಂದು ಗಾಳಿ ಸಿಕ್ತೋ, ಮುಗೀತು. ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಬುಖೋಲ್ಜ್ ರಿಲೇ ಇರುತ್ತೆ, ಗ್ಯಾಸ್ ಕೂಡಿದ್ರೆ ಅಲಾರಂ ಕೊಡುತ್ತೆ. ಬೀದಿ ಡಿಪಿಗೆ ಎಲ್ಲಿಯ ಭಾಗ್ಯ!

ಹೋದ ಜೂನ್‌ನಲ್ಲಿ ಠಾಣೆಯ ಒಂದು ಅಪಾರ್ಟ್‌ಮೆಂಟ್ ಸೊಸೈಟಿಗೆ ಹೋಗಿದ್ದೆ, ಸ್ವಂತ ಟ್ರಾನ್ಸ್‌ಫಾರ್ಮರ್ ಇರೋದು. ಒಳಗೆ ಹೋಗೋ ಗಾಳಿಯ ತೇವ ಹೀರೋ ಬ್ರೀದರ್ ಡಬ್ಬಿಲಿ ನೀಲಿ ಇರ್ಬೇಕಾದ ಸಿಲಿಕಾ ಜೆಲ್ ಪೂರ್ತಿ ಗುಲಾಬಿ, ಅಂದ್ರೆ ತೇವ ನೇರ ಒಳಗೆ. ಕೆಳಗೆ ವಾಲ್ವ್‌ನಿಂದ ಜಿನುಗಿದ ಎಣ್ಣೆಗೆ ಧೂಳು ಮೆತ್ತಿ ಕರಿ ಮೇಣ ಆಗಿತ್ತು, ಅದಕ್ಕೇ ಒರಗಿಸಿ ಹಿಂದಿನ ವರ್ಷದ ಗಣಪತಿ ಮಂಟಪದ ಥರ್ಮಾಕೋಲ್! ಸೆಕ್ರೆಟರಿ ಸಾಹೇಬ್ರನ್ನ ಆಯಿಲ್ ಟೆಸ್ಟ್ ರಿಪೋರ್ಟ್ ಕೇಳಿದ್ರೆ ಪೇಂಟಿಂಗ್ ಬಿಲ್ ತಂದು ತೋರಿಸಿದ್ರು. ನಾನು ಚಹಾನೂ ಕುಡೀದೆ ಎದ್ದು ಬಂದೆ.

ಪ್ರಶ್ನೆ: ಮಿನರಲ್ ಆಯಿಲ್ ಬದಲು ಎಸ್ಟರ್ ಆಯಿಲ್ ಹಾಕಿದ್ರೆ ಬೆಂಕಿ ಬರೋದೇ ಇಲ್ವಂತೆ?

ಅದರ ಫೈರ್ ಪಾಯಿಂಟ್ (ಹೊತ್ಕೊಂಡು ಉರೀತಾನೇ ಇರೋ ಬಿಸಿ) 300 ಡಿಗ್ರಿ ಮೇಲೆ, ಒಳ್ಳೇದೇ. ಬರೋದೇ ಇಲ್ಲ ಅಂದವನು ಸೇಲ್ಸ್‌ನವನು.

ಪ್ರಶ್ನೆ: ಗುಂಯ್ ಅಂತಿದ್ರೆ ಬ್ಲಾಸ್ಟ್ ಆಗುತ್ತಾ?

ಇಲ್ಲ. ಚಟಪಟ ಅಂದ್ರೆ ದೂರ ಹೋಗಿ ಫೋನ್ ಮಾಡಿ.

ಪ್ರಶ್ನೆ: ಹೊತ್ಕೊಂಡ್ರೆ ವಾಚ್‌ಮನ್ ಪೈಪ್ ಹಿಡಿದು ನೀರು ಹೊಡೀಬಹುದಾ?

ಬೇಡವೇ ಬೇಡ ಮಾರಾಯ್ರೇ. ಶಾಕೂ ಹೊಡೆಯುತ್ತೆ, ಉರಿಯೋ ಎಣ್ಣೆನೂ ಸಿಡಿಯುತ್ತೆ. ಜನ ದೂರ ಸರಿಸಿ 101ಕ್ಕೆ ಫೋನ್ ಮಾಡ್ಲಿ, ಅಷ್ಟೇ ಅವನ ಕೆಲಸ.

ಪ್ರಶ್ನೆ: ಡಿಪಿ ಎಣ್ಣೆ ಹಚ್ಚಿದ್ರೆ ಮಂಡಿನೋವು ಹೋಗುತ್ತಂತೆ, ನಿಜಾನಾ?

ಯಾವ ಪುಣ್ಯಾತ್ಮ ಹೇಳಿದ್ದು? ಹಳೇ ಎಣ್ಣೆಲಿ ಪಿಸಿಬಿ ಅನ್ನೋ ವಿಷ ಇರೋ ಸಾಧ್ಯತೆ ಉಂಟು, ಚರ್ಮದಿಂದ್ಲೇ ಮೈಗೆ ಇಳಿಯುತ್ತೆ. ಮೇಲಾಗಿ ಆ ಬಾಟ್ಲಿ ಎಣ್ಣೆ ಎಲ್ಲಿಂದ ಬಂತು ಯೋಚಿಸಿ: ಯಾರೋ ರಾತ್ರಿ ಡಿಪಿಯಿಂದ ಕದ್ದಿರ್ತಾರೆ, ಲೆವೆಲ್ ಇಳಿದು ಕಾಯಿಲ್ ಬತ್ತಲಾಗಿರುತ್ತೆ, ಆಮೇಲೆ ನೀವೇ ಬಂದು ಡಿಪಿ ಯಾಕೆ ಸುಟ್ಟೋಯ್ತು ಸರ್ ಅಂತ ನನ್ನ ಕೇಳ್ತೀರಿ.