ವಿಮಾನದ ಪೈಲಟ್‌ಗಳಿಗೆ ಸಂಬಳ ಹೇಗೆ ಲೆಕ್ಕ ಹಾಕುತ್ತಾರೆ? ಅಷ್ಟು ಕೊಡುವುದು ನ್ಯಾಯವೇ?

ಹೆಚ್ಚಿನ ಕಡೆ ಹಾರಾಟದ ಗಂಟೆಗಳ ಲೆಕ್ಕ. ವಿಮಾನ ಗೇಟ್ ಬಿಟ್ಟು ಕದಲಿದ ಕ್ಷಣದಿಂದ ಇನ್ನೊಂದು ಊರಿನ ಗೇಟ್‌ನಲ್ಲಿ ನಿಲ್ಲುವ ತನಕ ಎಣಿಸುತ್ತಾರೆ. ಅದಕ್ಕೂ ಮುಂಚೆ ಹವಾಮಾನ ನೋಡಬೇಕು, ಇಂಧನದ ಲೆಕ್ಕ ಹಾಕಬೇಕು, ವಿಮಾನದ ಸುತ್ತ ನಡೆದು ಟೈರು, ಎಂಜಿನ್ ಕಣ್ಣಾರೆ ನೋಡಬೇಕು. ಇದಕ್ಕೆ ಎಷ್ಟೋ ಕಂಪನಿಗಳಲ್ಲಿ ಬೇರೆ ದುಡ್ಡಿಲ್ಲ. ಹಾರಾಟ ಕಡಿಮೆಯಾದರೂ ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಖಾತ್ರಿ ಅಂತ ಇರುತ್ತದೆ. ಕ್ಯಾಪ್ಟನ್ನೋ ಸಹ ಪೈಲಟ್ಟೋ, ಯಾವ ವಿಮಾನ, ಎಷ್ಟು ವರ್ಷದ ಸರ್ವಿಸ್ ಅನ್ನುವುದರ ಮೇಲೆ ದರ.

ಆಟೋಪೈಲಟ್ ಇದೆಯಲ್ಲ, ಸುಮ್ನೆ ಕೂರುವುದಕ್ಕೆ ಇಷ್ಟು ಯಾಕೆ ಅನ್ನುವವರು ಜಾಸ್ತಿ. 2009ರ ಜನವರಿ 15ರಂದು ನ್ಯೂಯಾರ್ಕ್‌ನಲ್ಲಿ ಒಂದು ಪ್ರಯಾಣಿಕರ ವಿಮಾನಕ್ಕೆ ಹಕ್ಕಿಗಳು ಬಡಿದು ಅದರ ಎರಡೂ ಎಂಜಿನ್ ಕೈಕೊಟ್ಟವು. ಕ್ಯಾಪ್ಟನ್ ಸಲನ್‌ಬರ್ಗರ್ ಅವರಿಗೆ ಸಿಕ್ಕಿದ್ದು ಸುಮಾರು ಮೂರೂವರೆ ನಿಮಿಷ. ವಿಮಾನವನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು, 155 ಜನರೂ ಬದುಕಿದರು. ಮುಂದಿನ ತಿಂಗಳು ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಅವರೇ ಹೇಳಿದರು, ತಮ್ಮ ಸಂಬಳ ಶೇ. 40ರಷ್ಟು ಕಡಿತವಾಗಿದೆ, ಪಿಂಚಣಿ ಇಲ್ಲವಾಗಿದೆ ಅಂತ.

ಹಿರಿಯರ ಸಂಬಳ ನ್ಯಾಯವಾದದ್ದೇ ಅಂತ ನನಗನಿಸುತ್ತದೆ. ಸಂಕಟ ಆಗುವುದು ಹೊಸಬರನ್ನು ನೋಡಿದಾಗ. ತರಬೇತಿಗೆ ಮಾಡಿದ ಸಾಲ ತಲೆ ಮೇಲಿರುತ್ತದೆ, ಒಂದು ವೈದ್ಯಕೀಯ ಪರೀಕ್ಷೆ ಫೇಲಾದರೆ ಹಾರುವ ಹಾಗಿಲ್ಲ.